ಓದುಗರ ಪ್ರಶ್ನೆಗೆ ಉತ್ತರ: ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆ

ಅಂತರಜಾಲದ ಪುಟಗಳು ನಮ್ಮವರೆಗೆ ತಲುಪುವ ಬಗೆಯನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ಮಗಳ ಕಾಲೇಜು ಶುಲ್ಕವನ್ನು ಆನ್‌ಲೈನ್‌ನಲ್ಲಿ ಕಟ್ಟಿದ ಮೇಲೆ ರಸೀದಿ ಬರಲು ತಡವಾಯಿತೆಂದು ಪುಟವನ್ನು ರಿಫ್ರೆಶ್ ಮಾಡಿದೆ. ಹಿಂದೆ ತುಂಬಿದ ಮಾಹಿತಿಯನ್ನು ಮತ್ತೊಮ್ಮೆ ಕಳುಹಿಸಬೇಕೇ ಎಂದು ಬ್ರೌಸರ್ ಎಚ್ಚರಿಸಿತು. ಸುದ್ದಿ ಓದುವಾಗ ಎಷ್ಟು ಸಲ ರಿಫ್ರೆಶ್ ಮಾಡಿದರೂ ಅದು ಹೀಗೆ ಕೇಳುವುದಿಲ್ಲ. ಇದೇಕೆ? ಹಣ ಎರಡು ಬಾರಿ ಕಡಿತವಾಗುವ ಸಾಧ್ಯತೆ ಇದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ತಾವು ಕಟ್ಟಿದ್ದು ಶುಲ್ಕ ಎಂಬುದು ಬ್ರೌಸರಿಗೆ ತಿಳಿದಿರಲಿಲ್ಲ. ಆ ಕೋರಿಕೆಯನ್ನು ‘ಪೋಸ್ಟ್’ ಎಂಬ ಮೆಥಡ್‌ನಲ್ಲಿ, ಅಂದರೆ ಏನು ಮಾಡಬೇಕೆಂದು ಸರ್ವರಿಗೆ ತಿಳಿಸುವ ಪದದೊಂದಿಗೆ, ಕಳುಹಿಸಲಾಗಿತ್ತು ಎಂಬುದಷ್ಟೇ ಅದಕ್ಕೆ ತಿಳಿದಿತ್ತು. ಬ್ರೌಸರ್ ಸರ್ವರಿಗೆ ಕಳುಹಿಸುವ ಪ್ರತಿಯೊಂದು ಕೋರಿಕೆಗೂ ಇಂಥ ಒಂದು ಮೆಥಡ್ ಇರಲೇಬೇಕು. ಸುದ್ದಿಯ ಪುಟವನ್ನು ತೆರೆಯುವಾಗ ಅದು ‘ಗೆಟ್’ ಆಗಿರುತ್ತದೆ. ಫಾರಂ ತುಂಬಿ ಹಣ ಪಾವತಿಸುವಾಗ ಸಾಮಾನ್ಯವಾಗಿ ‘ಪೋಸ್ಟ್’ ಆಗಿರುತ್ತದೆ. ಕೋರಿಕೆಯ ಒಡಲಲ್ಲಿ ಏನಿದೆ, ಅದರಿಂದ ಯಾರ ಖಾತೆಯಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಬ್ರೌಸರಾಗಲಿ, ನಡುವೆ ಇದ್ದು ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿಯಾಗಲಿ ಬಿಡಿಸಿ ನೋಡಲು ಹೋಗುವುದಿಲ್ಲ. ಕೋರಿಕೆಯನ್ನು ಮತ್ತೆ ಕಳುಹಿಸಬಹುದೇ, ಉತ್ತರದ ನಕಲನ್ನು ಇಟ್ಟುಕೊಳ್ಳಬಹುದೇ ಎಂಬ ನಿರ್ಧಾರಗಳನ್ನೆಲ್ಲ ಅವು ಮೆಥಡ್ ಮತ್ತು ಹೆಡರ್‌ಗಳನ್ನು (ಕೋರಿಕೆ, ಉತ್ತರಗಳ ತಲೆಯಲ್ಲಿ ಬರುವ ವಿವರದ ಸಾಲುಗಳನ್ನು) ನಂಬಿಯೇ ಕೈಗೊಳ್ಳುತ್ತವೆ.

ಮೊದಲಿಗೆ ಈ ಭೇದವೇ ಇರಲಿಲ್ಲ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1991ರಲ್ಲಿ ವಿವರಿಸಿದ ಎಚ್‌ಟಿಟಿಪಿಯಲ್ಲಿ, ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತನಾಡುವ ನಿಯಮಾವಳಿಯಲ್ಲಿ, ಗೆಟ್ ಒಂದೇ ಮೆಥಡ್ ಇತ್ತು. ಹೆಡರ್‌ಗಳಾಗಲಿ, ಕೇಳಿದ್ದು ಸಿಗಲಿಲ್ಲ ಎನ್ನುವ 404ರಂಥ ಉತ್ತರದ ಸಂಖ್ಯೆಗಳಾಗಲಿ ಇರಲಿಲ್ಲ. ಸರ್ವರ್ ಪುಟವನ್ನು ಕಳುಹಿಸಿ ಸಂಪರ್ಕವನ್ನು ಕಡಿದುಕೊಂಡರೆ ವ್ಯವಹಾರ ಮುಗಿಯಿತು. 1996ರ ಮೇ ತಿಂಗಳಲ್ಲಿ ಪ್ರಕಟವಾದ 1.0 ಆವೃತ್ತಿಯ ದಾಖಲೆಯಲ್ಲಿ ಗೆಟ್ ಜೊತೆಗೆ ಹೆಡ್ ಮತ್ತು ಪೋಸ್ಟ್ ಸೇರಿದ್ದವು, ಮುಂದಿನ 1.1 ಆವೃತ್ತಿಯಲ್ಲಿ ಪುಟ್, ಡಿಲೀಟ್, ಆಪ್ಷನ್ಸ್ ಮೊದಲಾದವು ಸ್ಥಾನ ಪಡೆದವು. ದಾಖಲೆಯ ಒಂದು ಭಾಗವನ್ನಷ್ಟೇ ತಿದ್ದುವ ಪ್ಯಾಚ್ 2010ರಲ್ಲಿ ಬಂತು. ಇವುಗಳ ಅರ್ಥವನ್ನು ಇಂದು ನಿರ್ಧರಿಸುವುದು 2022ರ ಜೂನ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 9110 ಎಂಬ ಅಂತರಜಾಲದ ಮಾನಕ ದಾಖಲೆ.

ಆ ದಾಖಲೆ ಮೆಥಡ್‌ಗಳನ್ನು ಎರಡು ಗುಣಗಳಿಂದ ಅಳೆಯುತ್ತದೆ. ಸರ್ವರಿನಲ್ಲಿ ಏನನ್ನೂ ಬದಲಿಸುವಂತೆ ಕೇಳದೆ ಇರುವುದನ್ನು ಕೊಡು ಎಂದಷ್ಟೇ ಕೇಳುವುದು ಮೊದಲ ಗುಣ. ಗೆಟ್, ಹೆಡ್, ಆಪ್ಷನ್ಸ್‌ಗಳಿಗೆ ಇದು ಇದೆ. ಒಂದು ಬಾರಿ ಕಳುಹಿಸಿದರೂ ಹತ್ತು ಬಾರಿ ಕಳುಹಿಸಿದರೂ ಉದ್ದೇಶಿತ ಪರಿಣಾಮ ಒಂದೇ ಆಗಿರುವುದು ಎರಡನೆಯ ಗುಣ; ಇದು ಮೇಲಿನವುಗಳ ಜೊತೆಗೆ ಪುಟ್ ಮತ್ತು ಡಿಲೀಟ್‌ಗಳಿಗೂ ಇದೆ. ತಮ್ಮ ವಿವರಗಳ ದಾಖಲೆಯನ್ನು ಪುಟ್ ಮೂಲಕ ಹೊಸದಾಗಿ ಬರೆಸಿದರೆ, ಅದೇ ಕೋರಿಕೆ ಎರಡನೆಯ ಬಾರಿ ತಲುಪಿದಾಗಲೂ ದಾಖಲೆ ಹಾಗೆಯೇ ಇರುತ್ತದೆ. ಅಳಿಸಿದ್ದನ್ನು ಮತ್ತೆ ಅಳಿಸಲು ಹೋದರೆ 404 ಎಂಬ ಉತ್ತರ ಬರಬಹುದು, ಆದರೆ ಸರ್ವರಿನಲ್ಲಿ ಹೊಸದಾಗಿ ಏನೂ ಆಗುವುದಿಲ್ಲ. ಪೋಸ್ಟ್‌ಗೆ ಈ ಎರಡೂ ಭರವಸೆಗಳಿಲ್ಲ. ಎರಡು ಬಾರಿ ತಲುಪಿದರೆ ಎರಡು ಪಾವತಿಗಳೇ ಆಗಬಹುದು. ಆದ್ದರಿಂದಲೇ ಬ್ರೌಸರ್ ತಾನೇ ನಿರ್ಧರಿಸದೆ ತಮ್ಮ ಒಪ್ಪಿಗೆಯನ್ನು ಕೇಳಿತು.

ಈ ನಿಯಮವನ್ನು ಹಗುರವಾಗಿ ಕಂಡವರಿಗೆ ಏನಾಯಿತು ಎಂಬುದಕ್ಕೆ 2005ರ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಪುಟಗಳು ಬೇಗ ತೆರೆದುಕೊಳ್ಳಲೆಂದು ಗೂಗಲ್ ಆ ವರ್ಷ ‘ವೆಬ್ ಆಕ್ಸಿಲರೇಟರ್’ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಬಳಕೆದಾರರು ನೋಡುತ್ತಿರುವ ಪುಟದಲ್ಲಿನ ಕೊಂಡಿಗಳನ್ನು ಅದು ಮುಂಚಿತವಾಗಿಯೇ ಗೆಟ್ ಮೂಲಕ ತರಿಸಿಟ್ಟುಕೊಳ್ಳುತ್ತಿತ್ತು. ಹಲವು ಜಾಲತಾಣಗಳ ನಿರ್ಮಾತೃಗಳು ‘ಅಳಿಸು’ ಎಂಬ ಆಯ್ಕೆಯನ್ನೂ ಸಾಮಾನ್ಯ ಕೊಂಡಿಯಾಗಿ, ಅಂದರೆ ಗೆಟ್ ಆಗಿಯೇ ಬರೆದಿಟ್ಟಿದ್ದರು. ಲಾಗಿನ್ ಆಗಿದ್ದವರ ಪರವಾಗಿ ತಂತ್ರಾಂಶವು ಆ ಕೊಂಡಿಗಳನ್ನೂ ಒಂದೊಂದಾಗಿ ತರಿಸತೊಡಗಿದಾಗ ಅವರು ಬರೆದಿಟ್ಟಿದ್ದ ಪುಟಗಳು ಅಳಿಸಿಹೋದವು. ಆಗ ಬೈಗುಳವೆಲ್ಲ ಗೂಗಲ್‌ಗೆ ಸಂದರೂ, ಗೆಟ್ ಎಂದರೆ ತರಿಸಿಕೊಳ್ಳುವುದಕ್ಕೆ ಮಾತ್ರ ಎಂದು 1.1 ಆವೃತ್ತಿಯ 1999ರ ದಾಖಲೆಯಲ್ಲೇ ಬರೆದಿತ್ತು ಎಂಬುದನ್ನು ಮರೆಯುವಂತಿಲ್ಲ. ನನ್ನ ದೃಷ್ಟಿಯಲ್ಲಿ ದೋಷದ ದೊಡ್ಡ ಪಾಲು ಕೊಂಡಿ ಬರೆದವರದೇ.

ತಮ್ಮ ಎರಡನೆಯ ಪ್ರಶ್ನೆಗೆ ಉತ್ತರವು ಕಾಲೇಜಿನ ಜಾಲತಾಣವನ್ನು ಹೇಗೆ ಕಟ್ಟಿದ್ದಾರೆ ಎಂಬುದನ್ನು ಅವಲಂಬಿಸಿದೆ. ಎಚ್ಚರದಿಂದ ಕಟ್ಟಿದ್ದರೆ ಪಾವತಿ ಮುಗಿದೊಡನೆ ಸರ್ವರ್ ಬೇರೆ ಪುಟವನ್ನು ನೋಡು ಎನ್ನುವ 303 ಎಂಬ ಸಂಖ್ಯೆಯನ್ನೂ ಲೊಕೇಶನ್ ಎಂಬ ಹೆಡರ್‌ನಲ್ಲಿ ರಸೀದಿ ಪುಟದ ವಿಳಾಸವನ್ನೂ ಕಳುಹಿಸುತ್ತದೆ. ಬ್ರೌಸರ್ ಆ ಪುಟವನ್ನು ಗೆಟ್ ಮೂಲಕ ತರುತ್ತದೆ. ಅನಂತರ ಎಷ್ಟು ಸಲ ರಿಫ್ರೆಶ್ ಮಾಡಿದರೂ ಮರಳಿ ಬರುವುದು ರಸೀದಿಯೇ. ಇದರ ಜೊತೆಗೆ ಪ್ರತಿ ವ್ಯವಹಾರಕ್ಕೂ ಒಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಹಣವನ್ನು ಕಡಿತಗೊಳಿಸದೆ ಹಳೆಯ ಫಲಿತಾಂಶವನ್ನೇ ಹಿಂದಿರುಗಿಸುವ ಕ್ರಮವೂ ಪಾವತಿ ಸೇವೆಗಳಲ್ಲಿ ರೂಢಿಯಲ್ಲಿದೆ. ತಮಗೆ ಎಚ್ಚರಿಕೆ ಬಂದಿದೆ ಎಂದರೆ ಮೊದಲ ಕ್ರಮವು ಆ ಹಂತದಲ್ಲಿ ಇರಲಿಲ್ಲ ಅಥವಾ ಇನ್ನೂ ಪೂರ್ಣವಾಗಿರಲಿಲ್ಲ ಎಂದರ್ಥ. ಇಂಥ ಸಂದರ್ಭದಲ್ಲಿ ಎಚ್ಚರಿಕೆಗೆ ಒಪ್ಪಿಗೆ ಕೊಡದೆ, ಬೇರೊಂದು ಟ್ಯಾಬ್‌ನಲ್ಲಿ ಪಾವತಿಗಳ ಪಟ್ಟಿಯನ್ನೂ ಬ್ಯಾಂಕಿನ ಸಂದೇಶವನ್ನೂ ನೋಡಿ ಮುಂದುವರಿಯುವುದು ಕ್ಷೇಮ.

ಪ್ರಶ್ನೆ: ಗೆಟ್‌ಗಿಂತ ಪೋಸ್ಟ್ ಹೆಚ್ಚು ಗೋಪ್ಯ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದಾರೆ. ಇದು ನಿಜವೇ?
— ಬಿಸಿಎ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಅರ್ಧ ಮಾತ್ರ ನಿಜ. ಗೆಟ್ ಮೂಲಕ ಕಳುಹಿಸಿದ ಫಾರಂನ ಮಾಹಿತಿ ವಿಳಾಸದ ಬಾಲಕ್ಕೆ ಅಂಟಿಕೊಂಡು ಬ್ರೌಸರಿನ ಇತಿಹಾಸದಲ್ಲಿಯೂ ಸರ್ವರಿನ ಲಾಗ್ ಕಡತದಲ್ಲಿಯೂ ಉಳಿಯುತ್ತದೆ. ಪೋಸ್ಟ್‌ನಲ್ಲಿ ಅದು ಕೋರಿಕೆಯ ಒಡಲಲ್ಲಿ ಹೋಗುವುದರಿಂದ ಹೀಗೆ ಉಳಿಯುವುದು ಕಡಿಮೆ. ಆದರೆ ಗೂಢಲಿಪೀಕರಣವಿಲ್ಲದ ಬರಿಯ ಎಚ್‌ಟಿಟಿಪಿಯಲ್ಲಿ ದಾರಿಯ ಮಧ್ಯೆ ಕುಳಿತವನಿಗೆ ಎರಡೂ ಸಮಾನವಾಗಿ ಕಾಣುತ್ತವೆ, ಗೂಢಲಿಪೀಕರಣವಿರುವ ಎಚ್‌ಟಿಟಿಪಿಎಸ್‌ನಲ್ಲಿ ಎರಡರ ಮಾಹಿತಿಯೂ ಮರೆಯಾಗಿರುತ್ತದೆ. ಗೋಪ್ಯತೆ ಕೊಡುವುದು ಎಚ್‌ಟಿಟಿಪಿಎಸ್, ಮೆಥಡ್ ಅಲ್ಲ. ಫಾರಂನಲ್ಲಿ ಮೆಥಡ್ ಯಾವುದೆಂದು ಬರೆಯದೇ ಬಿಟ್ಟರೆ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಅದನ್ನು ಗೆಟ್ ಎಂದೇ ಪರಿಗಣಿಸುತ್ತದೆ; ಹೊಸಬರು ಬರೆದ ಲಾಗಿನ್ ಪುಟಗಳಲ್ಲಿ ಪಾಸ್‌ವರ್ಡ್ ವಿಳಾಸ ಪಟ್ಟಿಯಲ್ಲಿ ಎದ್ದು ಕಾಣುವುದು ಬಹುಮಟ್ಟಿಗೆ ಈ ಕಾರಣದಿಂದ.

ಪ್ರಶ್ನೆ: ನಮ್ಮೂರ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುವ ಪುಟ ಸರ್ವರಿಗೆ ಏರಿಸಿದ ಮೇಲೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂತೆಯಾಗಿ ಕಾಣುತ್ತದೆ. ಫೈಲಿನೊಳಗಿನ ಮೆಟಾ ಸಾಲಿನಲ್ಲಿ ಯುಟಿಎಫ್-8 ಎಂದು ಬರೆದಿದ್ದೇನೆ. ತಪ್ಪು ಎಲ್ಲಿದೆ?
— ಡಿಪ್ಲೊಮಾ ವಿದ್ಯಾರ್ಥಿ, ಶಿರಸಿ

ಉತ್ತರ: ಫೈಲಿನಲ್ಲಿ ತಪ್ಪಿಲ್ಲ, ಬಹುಶಃ ಹೆಡರ್‌ನಲ್ಲಿದೆ. ಸರ್ವರ್ ಪುಟವನ್ನು ಕಳುಹಿಸುವ ಮೊದಲು ಅದರ ಬಗ್ಗೆ ಕೆಲವು ಸಾಲುಗಳನ್ನು ಕಳುಹಿಸುತ್ತದೆ. ಪ್ರತಿ ಸಾಲಿನಲ್ಲಿ ಒಂದು ಹೆಸರು, ಒಂದು ವಿವರಣ ಚಿಹ್ನೆ (:), ಅನಂತರ ಒಂದು ಮೌಲ್ಯ ಇರುತ್ತವೆ. ಸಾಲುಗಳೆಲ್ಲ ಮುಗಿದವೆಂದು ತಿಳಿಸಲು ಒಂದು ಖಾಲಿ ಸಾಲು ಬರುತ್ತದೆ. ಅದರ ಕೆಳಗಿರುವುದು ಪುಟ. ಈಚಿನ ಆವೃತ್ತಿಗಳಲ್ಲಿ ಇವೇ ಹೆಡರ್‌ಗಳು ಸಂಕುಚಿತ ರೂಪದಲ್ಲಿ ಸಾಗುತ್ತವೆಯಾದರೂ ಅವುಗಳ ಅರ್ಥ ಬದಲಾಗಿಲ್ಲ. ಈ ಹೆಡರ್‌ಗಳಲ್ಲಿ ಕಂಟೆಂಟ್-ಟೈಪ್ ಎಂಬುದು ಪುಟ ಯಾವ ಬಗೆಯದು, ಯಾವ ಲಿಪಿಸಂಕೇತದಲ್ಲಿದೆ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಂಥ ಪದ್ಧತಿ ಯಾವುದು) ಎಂದು ತಿಳಿಸುತ್ತದೆ. ಅಲ್ಲಿ ಹೇಳಿದ ಲಿಪಿಸಂಕೇತಕ್ಕೂ ಮೆಟಾ ಸಾಲಿನಲ್ಲಿ ಬರೆದದ್ದಕ್ಕೂ ವಿರೋಧ ಬಂದರೆ ಬ್ರೌಸರ್ ಹೆಡರ್‌ನ ಮಾತನ್ನೇ ಒಪ್ಪುತ್ತದೆ. ತಮ್ಮ ಕಂಪ್ಯೂಟರಿನಿಂದ ನೇರವಾಗಿ ಫೈಲನ್ನು ತೆರೆದಾಗ ಹೆಡರ್ ಎಂಬುದೇ ಇರುವುದಿಲ್ಲವಾದ್ದರಿಂದ ಮೆಟಾ ಸಾಲಿನ ಮಾತು ನಡೆಯಿತು.

ಸರ್ವರ್ ಐಎಸ್‌ಒ-8859-1 ಎಂದು ಹೇಳುತ್ತಿದೆ ಎಂದು ಊಹಿಸಿದರೆ ತಮಗೆ ಕಂಡ ಸಂತೆಯ ಗುಟ್ಟು ಬಯಲಾಗುತ್ತದೆ. ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ‘ಕ’ ಅಕ್ಷರದ ಬೈಟ್‌ಗಳು 224, 178 ಮತ್ತು 149. ಪಾಶ್ಚಾತ್ಯ ಲಿಪಿಗಳಿಗೆಂದು ರೂಪಿಸಿದ ಆ ಹಳೆಯ ಸಂಕೇತದಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ. ಹೀಗಾಗಿ ಬ್ರೌಸರ್ 224ನ್ನು ತಲೆಯ ಮೇಲೆ ಓರೆಗೆರೆಯಿರುವ ರೋಮನ್ ‘ಎ’ ಆಗಿ, 178ನ್ನು ಮೇಲಕ್ಕೇರಿದ ಪುಟ್ಟ 2 ಆಗಿ, 149ನ್ನು ಒಂದು ದಪ್ಪ ಚುಕ್ಕೆಯಾಗಿ ತೋರಿಸುತ್ತದೆ. ಪುಟದ ತುಂಬ ಗೆರೆ ಹೊತ್ತ ‘ಎ’ಗಳೇ ಕಂಡರೆ ರೋಗ ಇದೇ ಎಂದು ತಿಳಿಯಬಹುದು. ಅದು ಅಪಾಚೆ ಎಂಬ ಸರ್ವರ್ ತಂತ್ರಾಂಶವಾಗಿದ್ದರೆ ಅದರ ವ್ಯವಸ್ಥೆಯಲ್ಲಿ ‘ಆಡ್‌ಡಿಫಾಲ್ಟ್‌ಕ್ಯಾರ್‌ಸೆಟ್’ ಎಂಬ ಸಾಲು ಏನು ಹೇಳುತ್ತಿದೆ ಎಂದು ಮೊದಲು ನೋಡಬೇಕು. ಅದನ್ನು ಯುಟಿಎಫ್-8 ಎಂದು ಬದಲಿಸಿದರೆ ಸಾಕಾಗಬಹುದು.

ಕನ್ನಡದಲ್ಲಿ ಕೆಲಸ ಮಾಡುವವರು ಎಡವುವ ಇನ್ನೊಂದು ಹೆಡರ್ ಕಂಟೆಂಟ್-ಲೆಂಗ್ತ್. ಅದು ಎಣಿಸುವುದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ‘ಕನ್ನಡ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಯುನಿಕೋಡ್‌ಗೆ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಪ್ರೋಗ್ರಾಂ ಬರೆಯುವವರು ಪದದ ಉದ್ದ 5 ಎಂದು ಹೆಡರ್‌ನಲ್ಲಿ ಬರೆದರೆ ಸ್ವೀಕರಿಸುವ ಕಡೆಯವರು ‘ಕ’ ಮತ್ತು ಮುಂದಿನ ಅಕ್ಷರದ ಎರಡು ಬೈಟ್‌ಗಳನ್ನು ಓದಿ ನಿಲ್ಲಿಸುತ್ತಾರೆ. ಇಂಗ್ಲಿಷ್ ಪಠ್ಯದಲ್ಲಿ ಈ ಎರಡು ಎಣಿಕೆಗಳೂ ಒಂದೇ ಆಗಿರುವುದರಿಂದ ಪರೀಕ್ಷೆಯಲ್ಲಿ ಪಾರಾದ ಪ್ರೋಗ್ರಾಂ ಕನ್ನಡ ಬಂದೊಡನೆ ಕೈಕೊಡುತ್ತದೆ.

ಪುಸ್ತಕಪಟ್ಟಿಯನ್ನು ಮುಂದೆ ಎರಡು ಭಾಷೆಗಳಲ್ಲಿ ಕೊಡುವ ವಿಚಾರವಿದ್ದರೆ ಅಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್ ಉಪಯೋಗಕ್ಕೆ ಬರುತ್ತದೆ. ಓದುಗರು ಬ್ರೌಸರಿನಲ್ಲಿ ಕನ್ನಡವನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಂಡಿದ್ದರೆ ಅದು ಪ್ರತಿ ಕೋರಿಕೆಯಲ್ಲಿಯೂ ‘ಕೆಎನ್’ ಎಂಬ ಸಂಕೇತದ ಮೂಲಕ ಸರ್ವರಿಗೆ ತಿಳಿಯುತ್ತದೆ. ಎಷ್ಟೋ ಜಾಲತಾಣಗಳು ಇದನ್ನು ಕಣ್ಣೆತ್ತಿಯೂ ನೋಡದಿರುವುದು ಖೇದದ ಸಂಗತಿ. ಇದನ್ನು ಬಳಸುವುದಾದರೆ ಉತ್ತರದಲ್ಲಿ ವೇರಿ ಎಂಬ ಹೆಡರ್ ಸೇರಿಸಿ, ಭಾಷೆಗೆ ತಕ್ಕಂತೆ ಪುಟ ಬದಲಾಗುತ್ತದೆ ಎಂದು ತಿಳಿಸಬೇಕು. ಇಲ್ಲದಿದ್ದರೆ ಉತ್ತರಗಳ ನಕಲನ್ನು ಇಟ್ಟುಕೊಳ್ಳುವ ನಡುವಿನ ಸಂಗ್ರಹ, ಅಂದರೆ ಕ್ಯಾಶ್, ಒಬ್ಬರಿಗೆ ಕೊಟ್ಟ ಕನ್ನಡ ಪುಟವನ್ನೇ ಇಂಗ್ಲಿಷ್ ಕೇಳಿದವರಿಗೂ ಕೊಟ್ಟೀತು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಜಾಲತಾಣದಲ್ಲಿ ಅಡಿಕೆ ಧಾರಣೆಯನ್ನು ಬದಲಿಸಿದ ಮೇಲೂ ಕೆಲವು ಸದಸ್ಯರಿಗೆ ಹಳೆಯ ದರವೇ ಕಾಣುತ್ತದೆ. ‘ನೋ-ಕ್ಯಾಶ್’ ಎಂದು ಹಾಕಿದರೆ ಪ್ರತಿ ಸಲವೂ ಪೂರ್ತಿ ಪುಟ ಇಳಿಯಬೇಕಾಗಿ ಜಾಲತಾಣ ನಿಧಾನವಾಗುವುದಿಲ್ಲವೇ?
— ಸಂಘದ ಸಿಬ್ಬಂದಿ, ಸಾಗರ

ಉತ್ತರ: ಆ ಭಯ ಬೇಡ. ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ‘ನೋ-ಕ್ಯಾಶ್’ ಎಂದರೆ ನಕಲನ್ನು ಇಟ್ಟುಕೋ, ಆದರೆ ನನ್ನನ್ನು ಕೇಳದೆ ಬಳಸಬೇಡ ಎಂದರ್ಥ. ಇಟ್ಟುಕೊಳ್ಳಲೇಬೇಡ ಎನ್ನುವುದಕ್ಕೆ ‘ನೋ-ಸ್ಟೋರ್’ ಬೇರೆ ಇದೆ. ಸರ್ವರ್ ಪುಟದೊಂದಿಗೆ ಈಟ್ಯಾಗ್ ಎಂಬ ಗುರುತನ್ನೂ ಕೊಟ್ಟಿದ್ದರೆ, ಬ್ರೌಸರ್ ಮುಂದಿನ ಬಾರಿ ‘ಇಫ್-ನನ್-ಮ್ಯಾಚ್’ ಹೆಡರ್‌ನಲ್ಲಿ ಆ ಗುರುತನ್ನು ಹಿಂದಿರುಗಿಸಿ ವಿಚಾರಿಸುತ್ತದೆ. ಪುಟ ಬದಲಾಗದಿದ್ದರೆ 304 ಎಂಬ ಸಂಖ್ಯೆ ಕೆಲವು ಹೆಡರ್‌ಗಳೊಂದಿಗೆ ಬರುತ್ತದೆ, ಪುಟದ ಒಡಲು ಬರುವುದಿಲ್ಲ. ಧಾರಣೆಯ ಪುಟಕ್ಕೆ ಇದು ಸರಿಹೊಂದುತ್ತದೆ.

ಈಗ ಹಳೆಯ ದರ ಕಾಣುತ್ತಿರುವುದಕ್ಕೆ ಬಹುಶಃ ಕ್ಯಾಶ್-ಕಂಟ್ರೋಲ್ ಹೆಡರ್ ಇಲ್ಲದಿರುವುದೇ ಕಾರಣ. ಏನನ್ನೂ ಹೇಳದಿದ್ದರೆ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಹಲವರು ಭಾವಿಸುತ್ತಾರೆ, ಆದರೆ ಅಂಥ ಸಂದರ್ಭದಲ್ಲಿ ಅಂದಾಜು ಮಾಡಿಕೊಳ್ಳಲು ಬ್ರೌಸರಿಗೆ ಅವಕಾಶವಿದೆ. ಪುಟ ಕೊನೆಯ ಸಲ ಬದಲಾಗಿ ಎಷ್ಟು ಕಾಲವಾಯಿತೋ ಅದರ ಹತ್ತರಲ್ಲೊಂದು ಭಾಗದಷ್ಟು ಹೊತ್ತು ನಕಲನ್ನು ತಾಜಾ ಎಂದು ಎಣಿಸುವುದು ರೂಢಿಯ ಲೆಕ್ಕ. ಹತ್ತು ದಿನ ಮುಟ್ಟದಿದ್ದ ಪುಟವನ್ನು ಹೀಗೆ ಒಂದು ದಿನದವರೆಗೆ ವಿಚಾರಿಸದೆ ತೋರಿಸಬಹುದು. ಚಿತ್ರಗಳಿಗೂ ಸ್ಟೈಲ್ ಫೈಲುಗಳಿಗೂ ದೀರ್ಘ ಅವಧಿ ಕೊಡುವುದರಲ್ಲಿ ತಪ್ಪಿಲ್ಲ. ಬದಲಿಸಿದಾಗ ಫೈಲಿನ ಹೆಸರನ್ನೂ ಬದಲಿಸಬೇಕು, ಏಕೆಂದರೆ ಒಮ್ಮೆ ಕೊಟ್ಟ ಅವಧಿಯನ್ನು ಸದಸ್ಯರ ಬ್ರೌಸರಿನಿಂದ ಹಿಂದಕ್ಕೆ ಪಡೆಯಲು ಸುಲಭವಾದ ದಾರಿಯಿಲ್ಲ.

ಪ್ರಶ್ನೆ: ಈ ಹೆಡರ್‌ಗಳನ್ನು ಕಣ್ಣಾರೆ ನೋಡುವುದು ಹೇಗೆ?
— ಶಿಕ್ಷಕರು, ಕೊಪ್ಪಳ

ಉತ್ತರ: ಕಂಪ್ಯೂಟರಿನ ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಎಫ್12 ಕೀಲಿಯನ್ನು ಒತ್ತಿ, ನೆಟ್‌ವರ್ಕ್ ಎಂಬ ವಿಭಾಗವನ್ನು ತೆರೆದು, ಪುಟವನ್ನು ರಿಫ್ರೆಶ್ ಮಾಡಿ ಯಾವುದಾದರೂ ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಮೆಥಡ್, ಸಂಖ್ಯೆ ಮತ್ತು ಎರಡೂ ಕಡೆಯ ಹೆಡರ್‌ಗಳು ಕಾಣುತ್ತವೆ. ಹೋಸ್ಟ್ ಎಂಬ ಹೆಡರ್ ಕಣ್ಣಿಗೆ ಬಿದ್ದರೆ ವಿದ್ಯಾರ್ಥಿಗಳ ಗಮನವನ್ನು ಅದರತ್ತ ಸೆಳೆಯಿರಿ: ಒಂದೇ ಸರ್ವರಿನಲ್ಲಿ ನೂರಾರು ಜಾಲತಾಣಗಳು ಇರಬಹುದಾದ್ದರಿಂದ ಯಾವುದು ಬೇಕೆಂದು ತಿಳಿಸುವುದು ಅದೇ, ಮತ್ತು 1.1 ಆವೃತ್ತಿಯಲ್ಲಿ ಅದನ್ನು ಬಿಟ್ಟು ಕಳುಹಿಸಿದ ಕೋರಿಕೆಗೆ ಸರ್ವರ್ 400, ಅಂದರೆ ಕೋರಿಕೆ ಸರಿಯಿಲ್ಲ, ಎಂದು ಉತ್ತರಿಸಬೇಕು. ಕಮಾಂಡ್ ಬರೆಯುವ ಅಭ್ಯಾಸವಿದ್ದರೆ ‘ಕರ್ಲ್’ ಎಂಬ ಉಪಕರಣವನ್ನು ದೊಡ್ಡಕ್ಷರದ ‘ಐ’ ಆಯ್ಕೆಯೊಂದಿಗೆ ಬಳಸಬಹುದು. ಅದು ಹೆಡ್ ಮೆಥಡ್‌ನಲ್ಲಿ ಕೇಳುವುದರಿಂದ ಪುಟ ಬಾರದೆ ಹೆಡರ್‌ಗಳು ಮಾತ್ರ ಬರುತ್ತವೆ. ಹೆಡ್‌ಗೆ ಅವಕಾಶ ಕೊಡದ ಸರ್ವರ್‌ಗಳೂ ಇವೆ. ಅವು 405 ಎಂದು ಹೇಳಿ, ತಾವು ಒಪ್ಪುವ ಮೆಥಡ್‌ಗಳನ್ನು ಅಲೌ ಎಂಬ ಹೆಡರ್‌ನಲ್ಲಿ ಪಟ್ಟಿ ಮಾಡಿ ಕಳುಹಿಸಬೇಕು.