ವೈರಸ್ ಪತ್ತೆಯಾಗದಿದ್ದರೆ ಎಚ್‌ಐವಿ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನನಗೆ 41 ವರ್ಷ. ಎಚ್‌ಐವಿ ಇರುವುದು ಗೊತ್ತಾಗಿ ಐದು ವರ್ಷವಾಯಿತು. ಈಗ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿರುವ ಮಾತ್ರೆಯನ್ನು ದಿನಕ್ಕೊಂದರಂತೆ ರಾತ್ರಿ ಮಲಗುವ ಮುಂಚೆ ತಪ್ಪದೆ ನುಂಗುತ್ತಿದ್ದೇನೆ. ಕಳೆದ ಎರಡು ಪರೀಕ್ಷೆಗಳಲ್ಲಿ ವೈರಸ್ ಪತ್ತೆಯಾಗಿಲ್ಲ ಎಂದು ವರದಿ ಬಂದಿದೆ. ರೋಗನಿರೋಧಕ ಕೋಶಗಳಾದ ಸಿಡಿ4 ಸಂಖ್ಯೆ 640 ಇದೆ. ಆದರೆ ಮೈತೂಕ ಒಂಬತ್ತು ಕಿಲೊ ಏರಿದೆ, ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ, ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಕೂಡ ಸ್ವಲ್ಪ ಹೆಚ್ಚಾಗಿದೆ. ನನ್ನ ಪತ್ನಿಗೆ ಸೋಂಕಿಲ್ಲ. ಆರು ತಿಂಗಳ ಮಟ್ಟಿಗಾದರೂ ಮಾತ್ರೆ ಬಿಟ್ಟು ದೇಹಕ್ಕೆ ವಿಶ್ರಾಂತಿ ಕೊಟ್ಟು, ಸಿಡಿ4 ಇಳಿದರೆ ಮತ್ತೆ ಶುರು ಮಾಡಬಹುದೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನೀವು ಹೇಳಿಕೊಂಡಿರುವ ಮೂರೂ ತೊಂದರೆಗಳನ್ನು ವೈದ್ಯರು ಗಂಭೀರವಾಗಿ ನೋಡಲೇಬೇಕು, ಮೂರಕ್ಕೂ ಮಾಡಬಹುದಾದದ್ದು ಇದೆ. ಆದರೆ ಅವನ್ನು ಸರಿಪಡಿಸಲು ಚಿಕಿತ್ಸೆಯನ್ನೇ ಬಿಡಬೇಕಾಗಿಲ್ಲ. ಒಂದು ಔಷಧ ಒಗ್ಗದಿದ್ದರೆ ಅದನ್ನು ಬದಲಿಸಲು ಇಂದು ಸಾಕಷ್ಟು ದಾರಿಗಳಿವೆ.

ವೈರಲ್ ಲೋಡ್ ಪರೀಕ್ಷೆ ಎಣಿಸುವುದು ರಕ್ತದಲ್ಲಿ ತೇಲಾಡುತ್ತಿರುವ ವೈರಸ್ಸನ್ನು ಮಾತ್ರ. ಒಂದು ಮಿಲಿಲೀಟರಿನಲ್ಲಿ ಅದರ ಪ್ರತಿಗಳು 50ಕ್ಕಿಂತ, ಕೆಲವು ಯಂತ್ರಗಳಲ್ಲಿ 20ಕ್ಕಿಂತ, ಕಡಿಮೆಯಿದ್ದಾಗ ಪತ್ತೆಯಾಗಿಲ್ಲ ಎಂದು ವರದಿ ಬರುತ್ತದೆ. ಆದರೆ ಎಚ್‌ಐವಿ ತನ್ನ ವಂಶವಾಹಿಯನ್ನು ಸಿಡಿ4 ಕೋಶಗಳ ವರ್ಣತಂತುಗಳೊಳಗೇ ಸೇರಿಸಿಬಿಡುತ್ತದೆ, ಮತ್ತು ಅಂಥ ಕೋಶಗಳಲ್ಲಿ ಕೆಲವು ಯಾವ ಚಟುವಟಿಕೆಯೂ ಇಲ್ಲದೆ ವರ್ಷಗಟ್ಟಲೆ ಬದುಕಿರುತ್ತವೆ. ಬೂದಿ ಮುಚ್ಚಿದ ಕೆಂಡದಂತೆ ಅಲ್ಲಿ ಅಡಗಿರುವ ವೈರಸ್ಸನ್ನು ಈಗಿನ ಯಾವ ಮಾತ್ರೆಯೂ ಮುಟ್ಟಲಾರದು. ವೈರಸ್ ಹೊಸ ಪ್ರತಿಗಳನ್ನು ಮಾಡಿಕೊಳ್ಳದಂತೆ ತಡೆಯುವುದಷ್ಟೇ ಮಾತ್ರೆಗಳ ಕೆಲಸ. ಹೀಗೆ ಅಡಗಿದ ಕೋಶಗಳ ಸಂಖ್ಯೆ ಅರ್ಧಕ್ಕಿಳಿಯಲು ಮೂರೂವರೆ ವರ್ಷಕ್ಕೂ ಹೆಚ್ಚು ಬೇಕು ಎಂದು ವಿಜ್ಞಾನಿಗಳು ಅಳೆದಿದ್ದಾರೆ. ಆ ಲೆಕ್ಕದಲ್ಲಿ ಅವು ಪೂರ್ತಿ ಬರಿದಾಗಲು 60 ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ನಿಮ್ಮ ವರದಿ ಅಷ್ಟು ಚೆನ್ನಾಗಿರುವುದು ನೀವು ಐದು ವರ್ಷ ತಪ್ಪದೆ ಮಾತ್ರೆ ನುಂಗಿದ್ದರ ಫಲ. ಮಾತ್ರೆ ಬಿಟ್ಟ ಬಹುಪಾಲು ಜನರಲ್ಲಿ ಎರಡರಿಂದ ನಾಲ್ಕು ವಾರದೊಳಗೆ ವೈರಸ್ ರಕ್ತದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅಷ್ಟು ಬೇಗ ನಿಮಗೆ ಯಾವ ಲಕ್ಷಣವೂ ತಿಳಿಯದಿರಬಹುದು. ಎಷ್ಟೋ ಮಂದಿಗೆ ಮಾತ್ರೆ ಬಿಟ್ಟ ಮೊದಲ ತಿಂಗಳಲ್ಲಿ ಹಾಯೆನಿಸುವುದರಿಂದಲೇ ಅವರು ಮೋಸ ಹೋಗುತ್ತಾರೆ.

ಸಿಡಿ4 ಚೆನ್ನಾಗಿದ್ದಾಗ ಬಿಟ್ಟು, ಇಳಿದಾಗ ಮತ್ತೆ ಶುರು ಮಾಡುವ ನಿಮ್ಮ ಆಲೋಚನೆ ಒಂದು ಕಾಲದಲ್ಲಿ ವೈದ್ಯರಿಗೂ ಬಂದಿತ್ತು. ಆಗಿನ ಔಷಧಗಳ ಅಡ್ಡಪರಿಣಾಮ ಇಂದಿಗಿಂತ ಕಠಿಣವಾಗಿದ್ದುದರಿಂದ, ರೋಗಿಗಳಿಗೆ ಬಿಡುವು ಕೊಟ್ಟರೆ ಒಳ್ಳೆಯದಾದೀತು ಎಂದು ಅವರು ಭಾವಿಸಿದ್ದರು. ಇದನ್ನು ಒರೆಗೆ ಹಚ್ಚಿದ್ದು 33 ದೇಶಗಳ 5,472 ಜನರನ್ನು ಒಳಗೊಂಡ ಸ್ಮಾರ್ಟ್ ಎಂಬ ಅಧ್ಯಯನ. ಒಂದು ಗುಂಪಿನವರು ನಿರಂತರವಾಗಿ ಔಷಧ ತೆಗೆದುಕೊಂಡರು. ಇನ್ನೊಂದು ಗುಂಪಿನವರು ಸಿಡಿ4 350ಕ್ಕಿಂತ ಮೇಲಿರುವಾಗ ಬಿಟ್ಟು, 250ಕ್ಕಿಂತ ಕೆಳಗಿಳಿದಾಗ ಮತ್ತೆ ಆರಂಭಿಸಿದರು. ಬಿಡುವು ಪಡೆದವರಲ್ಲಿ ಅವಕಾಶವಾದಿ ಸೋಂಕು (ರೋಗನಿರೋಧಕ ಶಕ್ತಿ ಕುಗ್ಗಿದಾಗ ತಗಲುವ ಸೋಂಕು) ಅಥವಾ ಸಾವಿನ ಅಪಾಯ ಎರಡೂವರೆ ಪಟ್ಟಿಗೂ ಹೆಚ್ಚಾಗಿದ್ದುದು ಕಂಡುಬಂದದ್ದರಿಂದ 2006ರಲ್ಲಿ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಅದರಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ ಸಂಗತಿ ಇನ್ನೊಂದಿದೆ. ಔಷಧದ ಭಾರ ಕಡಿಮೆಯಾದರೆ ಹೃದಯ, ಮೂತ್ರಪಿಂಡ, ಯಕೃತ್ತುಗಳಿಗೆ ಒಳ್ಳೆಯದೆಂದು ಎಣಿಸಿದ್ದರೆ, ಆ ಅಂಗಗಳ ಗಂಭೀರ ಕಾಯಿಲೆಗಳೂ ಬಿಡುವು ಪಡೆದವರಲ್ಲೇ ಹೆಚ್ಚಾಗಿದ್ದವು. ಹತೋಟಿ ತಪ್ಪಿದ ವೈರಸ್ ದೇಹದಾದ್ಯಂತ ಎಬ್ಬಿಸುವ ಉರಿಯೂತ ಔಷಧಕ್ಕಿಂತ ಹೆಚ್ಚು ಹಾನಿಕರ. ನೀವು ದೇಹಕ್ಕೆ ಕೊಡಬೇಕೆಂದಿರುವ ವಿಶ್ರಾಂತಿ ವೈರಸ್ಸಿಗೆ ಸಿಗುತ್ತದೆಯೇ ಹೊರತು ದೇಹಕ್ಕಲ್ಲ.

ಮಾತ್ರೆ ಬಿಡುವ ಮುನ್ನ ಯೋಚಿಸಬೇಕಾದ ಇನ್ನೂ ಎರಡು ವಿಷಯಗಳಿವೆ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತವೆ. ನಿಮಗೆ ಆ ಸೋಂಕೂ ಇದ್ದರೆ, ಇವನ್ನು ಥಟ್ಟನೆ ನಿಲ್ಲಿಸಿದಾಗ ಅದು ಕೆರಳಿ ಯಕೃತ್ತಿಗೆ ಪ್ರಾಣಾಪಾಯದ ಪೆಟ್ಟು ಕೊಡಬಹುದು. ಎರಡನೆಯದು ನಿಮ್ಮ ಪತ್ನಿಯ ವಿಷಯ. 2016ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನದಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಬಾರಿ ಕೂಡಿದರೂ, ಚಿಕಿತ್ಸೆಯಿಂದ ವೈರಸ್ ಅದುಮಿಟ್ಟ ಸಂಗಾತಿಯಿಂದ ಒಬ್ಬರಿಗೂ ಸೋಂಕು ಹರಡಲಿಲ್ಲ. ಇಂದು ನಿಮ್ಮಿಂದ ಅವರಿಗೆ ಸೋಂಕು ತಗಲುವುದಿಲ್ಲ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ಈ ರಕ್ಷಣೆ ಇಲ್ಲವಾಗುತ್ತದೆ, ಅದು ಯಾವ ದಿನ ಇಲ್ಲವಾಯಿತೆಂದು ನಿಮಗಾಗಲಿ ಅವರಿಗಾಗಲಿ ತಿಳಿಯುವುದಿಲ್ಲ.

ಇನ್ನು ನಿಮ್ಮ ತೊಂದರೆಗಳಿಗೆ ಬರೋಣ. ನಿದ್ದೆಗೆಡುವುದು ಡೊಲುಟೆಗ್ರಾವಿರ್‌ನ ಪರಿಚಿತ ಅಡ್ಡಪರಿಣಾಮ, ಮತ್ತು ಅದನ್ನು ಮಲಗುವ ಮುಂಚೆ ನುಂಗುವವರಲ್ಲಿ ಹೆಚ್ಚು. ಮಾತ್ರೆಯನ್ನು ಬೆಳಿಗ್ಗೆಗೆ ವರ್ಗಾಯಿಸಿದರೆ ಹಲವರಿಗೆ ಇಷ್ಟರಿಂದಲೇ ಗುಣ ಕಾಣುತ್ತದೆ. ಹೊತ್ತು ಬದಲಿಸುವ ದಿನ ನಡುವಿನ ಅಂತರ ಉದ್ದವಾಗದಂತೆ ಹೇಗೆ ಮಾಡಬೇಕೆಂಬುದನ್ನು ನಿಮ್ಮ ಆಪ್ತಸಮಾಲೋಚಕರನ್ನೋ ಔಷಧ ಕೊಡುವವರನ್ನೋ ಒಮ್ಮೆ ಕೇಳಿಕೊಳ್ಳಿ. ಆದರೆ ನಿದ್ದೆಗೇಡಿನ ಜೊತೆ ಮನಸ್ಸು ಕುಗ್ಗುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕು ಬೇಡವೆನಿಸುವುದು ಇದ್ದರೆ ಕಾಯಬೇಡಿ, ಅದೇ ದಿನ ವೈದ್ಯರನ್ನು ಕಾಣಿ. ಅಂಥವರಿಗೆ ಔಷಧ ಬದಲಿಸುವ ಅಗತ್ಯ ಬೀಳಬಹುದು.

ಕ್ರಿಯಾಟಿನಿನ್ ವಿಷಯ ಕೊಂಚ ಸೂಕ್ಷ್ಮ. ಡೊಲುಟೆಗ್ರಾವಿರ್, ಮೂತ್ರಪಿಂಡದ ನಾಳಗಳು ಕ್ರಿಯಾಟಿನಿನ್ ಅನ್ನು ಹೊರಹಾಕುವ ಒಂದು ದಾರಿಗೆ ಅಡ್ಡ ಬರುತ್ತದೆ. ಅದರಿಂದ ಮೂತ್ರಪಿಂಡದ ಶೋಧಿಸುವ ಶಕ್ತಿ ಕುಗ್ಗದಿದ್ದರೂ ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿದಂತೆ ಕಾಣುತ್ತದೆ. ಈ ಏರಿಕೆ ಮೊದಲ ಕೆಲವು ವಾರಗಳಲ್ಲೇ ಆಗಿ ಅಲ್ಲಿಗೆ ನಿಲ್ಲುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ನಿಜವಾಗಿಯೂ ಹಾನಿ ಮಾಡಬಲ್ಲದು. ಎರಡರಲ್ಲಿ ಯಾವುದು ಎಂದು ಒಂದೇ ವರದಿಯಿಂದ ಹೇಳಲಾಗದು. ಹಳೆಯ ವರದಿಗಳೆಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ ವೈದ್ಯರ ಮುಂದಿಡಿ. ಸಂಖ್ಯೆ ಒಂದೇ ಕಡೆ ನಿಂತಿದೆಯೋ, ಪ್ರತಿ ಬಾರಿಯೂ ಏರುತ್ತಿದೆಯೋ ಎಂಬುದು ಅವುಗಳಿಂದ ತಿಳಿಯುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದೂ ಪರೀಕ್ಷಿಸಬೇಕು. ಹಾನಿ ಖಚಿತವಾದರೆ ಟೆನೊಫೊವಿರ್ ಒಂದನ್ನೇ ತೆಗೆದು ಬೇರೆ ಔಷಧ ಜೋಡಿಸುತ್ತಾರೆ. ಅಲ್ಲಿಯವರೆಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ, ಏಕೆಂದರೆ ಟೆನೊಫೊವಿರ್ ಜೊತೆ ಅವು ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆಯಾಗುತ್ತವೆ.

ತೂಕದ ವಿಷಯದಲ್ಲಿ ನಾನು ನಿಮಗೆ ಸುಲಭದ ಭರವಸೆ ಕೊಡಲಾರೆ. ಚಿಕಿತ್ಸೆ ಆರಂಭಿಸಿದವರಲ್ಲಿ ಏರುವ ತೂಕದ ಒಂದು ಪಾಲು, ಕಾಯಿಲೆ ಕರಗಿಸಿದ್ದ ಮೈ ಮತ್ತೆ ತುಂಬಿಕೊಳ್ಳುವುದರಿಂದ ಬರುವಂಥದ್ದು. ಆದರೆ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಮತ್ತು ಸಿಡಿ4 ತೀರ ಕಡಿಮೆಯಿದ್ದಾಗ ಚಿಕಿತ್ಸೆ ಶುರು ಮಾಡಿದವರಲ್ಲಿ, ಅದಕ್ಕಿಂತ ಹೆಚ್ಚೂ ಏರುತ್ತದೆ ಎಂಬುದು ಅಧ್ಯಯನಗಳಿಂದ ತಿಳಿದಿದೆ. ನಿಮ್ಮ ಅನುಭವ ಕಲ್ಪನೆಯಲ್ಲ. ಔಷಧ ಬದಲಿಸಿದ ಮಾತ್ರಕ್ಕೆ ಏರಿದ ತೂಕ ಇಳಿದೇ ಇಳಿಯುತ್ತದೆ ಎಂದು ಹೇಳಲಾಗದು. ಹಾಗಾಗಿ ಸಕ್ಕರೆ, ಕೊಬ್ಬು, ರಕ್ತದೊತ್ತಡ ಮೂರನ್ನೂ ಪರೀಕ್ಷಿಸಿಕೊಳ್ಳಿ. ಊಟದ ಪ್ರಮಾಣವನ್ನು ಹತೋಟಿಯಲ್ಲಿಟ್ಟುಕೊಂಡು, ದಿನವೂ ಬಿರುಸಾಗಿ ನಡೆಯುವುದನ್ನು ರೂಢಿಸಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬೇಕಾಗಿ ಬಂದರೆ, ನೀವು ಡೊಲುಟೆಗ್ರಾವಿರ್ ತೆಗೆದುಕೊಳ್ಳುತ್ತಿರುವುದನ್ನು ಆ ವೈದ್ಯರಿಗೆ ಹೇಳಲೇಬೇಕು: ಡೊಲುಟೆಗ್ರಾವಿರ್ ರಕ್ತದಲ್ಲಿ ಮೆಟ್‌ಫಾರ್ಮಿನ್ ಮಟ್ಟವನ್ನು ಏರಿಸುವುದರಿಂದ ಸಾಮಾನ್ಯವಾಗಿ ದಿನಕ್ಕೆ 1,000 ಮಿಲಿಗ್ರಾಂ ಮೀರುವುದಿಲ್ಲ.

ಪ್ರಶ್ನೆ: ಮಾತ್ರೆ ಶುರು ಮಾಡಿದ ಎರಡನೇ ವಾರದಿಂದ ವಾಕರಿಕೆ, ತಲೆನೋವು ತಡೆಯಲಾಗದೆ ನಾಲ್ಕು ತಿಂಗಳ ಹಿಂದೆ ಬಿಟ್ಟುಬಿಟ್ಟೆ. ಮನೆಯಲ್ಲಿ ಇನ್ನೂ ಎರಡು ಬಾಟಲಿ ಮಾತ್ರೆ ಉಳಿದಿವೆ. ಹದಿನೈದು ದಿನದಿಂದ ಆಗಾಗ ಜ್ವರ, ಕೆಮ್ಮು ಇದೆ. ವೈದ್ಯರು ಬೈಯುತ್ತಾರೆಂದು ಹೋಗಲು ಅಂಜಿಕೆ. ಉಳಿದ ಮಾತ್ರೆಗಳನ್ನೇ ಈಗ ಶುರು ಮಾಡಲೇ? (29 ವರ್ಷದ ಮಹಿಳೆ)

ಉತ್ತರ: ಮೊದಲು ಆಸ್ಪತ್ರೆಗೆ ಹೋಗಿ, ತಾಯಿ, ಇಂದೇ ಹೋದರೆ ಒಳ್ಳೆಯದು. ಸಹಿಸಲಾಗದ ಸಂಕಟಕ್ಕೆ ಮಾತ್ರೆ ಬಿಟ್ಟವರನ್ನು ಬೈಯುವ ಹಕ್ಕು ಯಾವ ವೈದ್ಯರಿಗೂ ಇಲ್ಲ. ಒಬ್ಬರು ಗದರಿದರೆ ಅಲ್ಲಿನ ಆಪ್ತಸಮಾಲೋಚಕರ ಬಳಿ ಮಾತಾಡಿ, ಅಥವಾ ಬೇರೆ ವೈದ್ಯರನ್ನು ಕಾಣಿ. ಚಿಕಿತ್ಸೆ ನಿಮ್ಮದು, ಅದನ್ನು ಮತ್ತೆ ಹಿಡಿಯಲು ಯಾರ ಕ್ಷಮೆಯೂ ಬೇಕಿಲ್ಲ.

ಮನೆಯಲ್ಲಿರುವ ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ ಎನ್ನುವುದಕ್ಕೆ ಕಾರಣ ನಿಮ್ಮ ಜ್ವರ ಮತ್ತು ಕೆಮ್ಮು. ಚಿಕಿತ್ಸೆ ಇಲ್ಲದ ನಾಲ್ಕು ತಿಂಗಳಲ್ಲಿ ಸಿಡಿ4 ಇಳಿದು ಕ್ಷಯದಂಥ ಸೋಂಕು ಒಳಗೆ ಸೇರಿರಬಹುದು. ಆ ಸ್ಥಿತಿಯಲ್ಲಿ ಎಚ್‌ಐವಿ ಔಷಧ ಒಮ್ಮೆಲೇ ಆರಂಭಿಸಿದರೆ, ಚೇತರಿಸಿಕೊಳ್ಳುವ ರೋಗನಿರೋಧಕ ಶಕ್ತಿ ಅಡಗಿದ ಸೋಂಕಿನ ಮೇಲೆ ತಿರುಗಿಬಿದ್ದು, ಮೊದಲ ಕೆಲವು ವಾರಗಳಲ್ಲಿ ಕಾಯಿಲೆ ಜೋರಾಗಬಹುದು. ಆದ್ದರಿಂದ ಕಫದ ಪರೀಕ್ಷೆ, ಎದೆಯ ಎಕ್ಸ್-ರೇ, ಸಿಡಿ4 ನೋಡಿ, ಕ್ಷಯವಿದ್ದರೆ ಅದರ ಚಿಕಿತ್ಸೆಯನ್ನು ಮೊದಲು ಆರಂಭಿಸಿ ಸ್ವಲ್ಪ ದಿನದ ಬಳಿಕ ಎಚ್‌ಐವಿ ಮಾತ್ರೆ ಕೊಡುತ್ತಾರೆ. ಕ್ಷಯದ ಔಷಧ ರಿಫಾಂಪಿಸಿನ್ ಡೊಲುಟೆಗ್ರಾವಿರ್‌ನ ಮಟ್ಟವನ್ನು ತಗ್ಗಿಸುವುದರಿಂದ, ಆ ಅವಧಿಯಲ್ಲಿ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅನ್ನು ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳಬೇಕಾಗುತ್ತದೆ. ಇದನ್ನೆಲ್ಲ ಮನೆಯಲ್ಲಿ ಕುಳಿತು ಲೆಕ್ಕ ಹಾಕಲಾಗದು. ಮಾತ್ರೆಯ ಬಾಟಲಿಗಳನ್ನು ಜೊತೆಗೆ ಒಯ್ಯಿರಿ, ಅದರಲ್ಲಿ ಯಾವ ಔಷಧವಿತ್ತೆಂದು ವೈದ್ಯರಿಗೆ ತಿಳಿಯಬೇಕು. ನೆವಿರಪಿನ್ ಬಿಟ್ಟು ಮತ್ತೆ ಶುರು ಮಾಡುವವರಿಗೆ ಅದನ್ನು ಕಡಿಮೆ ಪ್ರಮಾಣದಿಂದಲೇ ಆರಂಭಿಸಬೇಕಾಗುತ್ತದೆ. ಅಬಾಕವಿರ್‌ನಿಂದ ಜ್ವರ, ಗುಳ್ಳೆ, ಉಸಿರಾಟದ ತೊಂದರೆ ಬಂದು ಅಲರ್ಜಿ ಎಂದು ತೀರ್ಮಾನವಾಗಿದ್ದರೆ ಆ ಔಷಧವನ್ನು ಜೀವಮಾನದಲ್ಲಿ ಮತ್ತೆ ಮುಟ್ಟಬಾರದು, ಮತ್ತೊಮ್ಮೆ ತೆಗೆದುಕೊಂಡರೆ ಪ್ರಾಣಕ್ಕೇ ಎರವಾಗಬಹುದು.

ವೈದ್ಯರ ಮುಂದೆ ನಿಜ ಹೇಳಿ, ಇದು ನನ್ನ ಕಳಕಳಿಯ ವಿನಂತಿ. ಅಂಜಿಕೆಯಿಂದ, ತಪ್ಪದೆ ನುಂಗುತ್ತಿದ್ದೇನೆ ಎಂದುಬಿಟ್ಟರೆ, ವರದಿಯಲ್ಲಿ ವೈರಸ್ ಹೆಚ್ಚು ಕಂಡಾಗ ವೈದ್ಯರು ಔಷಧಕ್ಕೆ ವೈರಸ್ ಬಗ್ಗುತ್ತಿಲ್ಲವೆಂದು ತಿಳಿದು, ನಿಮಗೆ ಚೆನ್ನಾಗಿಯೇ ಕೆಲಸ ಮಾಡಬಹುದಾಗಿದ್ದ ಮಾತ್ರೆಯನ್ನು ತೆಗೆದು, ಇನ್ನೂ ಹೆಚ್ಚು ಮಾತ್ರೆಗಳಿರುವ ಎರಡನೇ ಹಂತದ ಚಿಕಿತ್ಸೆಗೆ ಕಳುಹಿಸಬಹುದು. ಬಿಟ್ಟಿದ್ದೆ ಎಂದು ಹೇಳಿದರೆ ಹೆಚ್ಚಿನವರಿಗೆ ಮೊದಲಿನ ಚಿಕಿತ್ಸೆಯನ್ನೇ ಮುಂದುವರಿಸಿ ನೋಡಬಹುದು. ಬೇಕೆನಿಸಿದರೆ ವೈರಸ್ಸಿನಲ್ಲಿ ಪ್ರತಿರೋಧ ಬೆಳೆದಿದೆಯೇ ಎಂದು ಪರೀಕ್ಷಿಸುತ್ತಾರೆ. ಡೊಲುಟೆಗ್ರಾವಿರ್‌ಗೆ ವೈರಸ್ ಸುಲಭವಾಗಿ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಎಫಾವಿರೆಂಜ್ ಇದ್ದ ಹಳೆಯ ಮಾತ್ರೆಗಳಲ್ಲಿ ಹೀಗಿರಲಿಲ್ಲ. ಜೊತೆಯ ಔಷಧಗಳು ಕರಗಿದ ಮೇಲೂ ಅದು ವಾರಗಟ್ಟಲೆ ರಕ್ತದಲ್ಲಿ ಒಂಟಿಯಾಗಿ ಉಳಿಯುತ್ತಿದ್ದುದರಿಂದ, ಥಟ್ಟನೆ ಬಿಟ್ಟವರಲ್ಲಿ ವೈರಸ್ ಅದನ್ನು ಎದುರಿಸಲು ಕಲಿತುಬಿಡುತ್ತಿತ್ತು.

ವಾಕರಿಕೆ, ತಲೆನೋವು ಹೆಚ್ಚಿನವರಿಗೆ ಮೊದಲ ಎರಡರಿಂದ ನಾಲ್ಕು ವಾರ ಕಾಡಿ ತಾವಾಗಿಯೇ ಇಳಿಯುತ್ತವೆ. ನೀವು ಬಿಟ್ಟದ್ದು ಅವು ಜೋರಾಗಿರುವ ವಾರಗಳಲ್ಲೇ. ಈ ಬಾರಿ ಮಾತ್ರೆಯನ್ನು ಊಟವಾದ ಕೂಡಲೇ ನುಂಗಿ. ವಾಂತಿ ತಡೆಯುವ ಔಷಧವನ್ನು ಆರಂಭದಲ್ಲೇ ಬರೆಸಿಕೊಳ್ಳಿ, ಎರಡನೇ ವಾರಕ್ಕೆ ಮತ್ತೊಮ್ಮೆ ಬರಲು ಹೇಳಿಸಿಕೊಳ್ಳಿ. ಮೈಮೇಲೆ ಗುಳ್ಳೆ ಎದ್ದು ಬಾಯಿ, ಕಣ್ಣು ಹುಣ್ಣಾಗುವುದು, ಕಣ್ಣು ಹಳದಿಯಾಗುವುದು, ಉಸಿರು ಕಟ್ಟುವುದು ಮಾತ್ರ ಕಾಯುವಂಥವಲ್ಲ. ಆಗ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನೀವು ಗರ್ಭಿಣಿಯಾಗಿದ್ದರೆ, ಅಥವಾ ಆಗಿರಬಹುದೆಂಬ ಅನುಮಾನವಿದ್ದರೂ ಸಾಕು, ಅದನ್ನೂ ಮೊದಲ ದಿನವೇ ಹೇಳಿ: ಮಗುವಿಗೆ ಸೋಂಕು ಹೋಗದಂತೆ ತಡೆಯುವುದು ಈ ಮಾತ್ರೆಗಳೇ. ವೈರಸ್ ಮತ್ತೆ ಹತೋಟಿಗೆ ಬಂದಿದೆಯೆಂದು ವರದಿ ಬರುವವರೆಗೆ ಸಂಗಾತಿಯೊಂದಿಗೆ ಕಾಂಡೋಮ್ ಬಳಸಿ.

ಪ್ರಶ್ನೆ: ಕೆಲಸದ ಪಾಳಿ ವಾರಕ್ಕೊಮ್ಮೆ ಬದಲಾಗುವುದರಿಂದ ತಿಂಗಳಲ್ಲಿ ಒಂದೆರಡು ಬಾರಿ ಡೊಲುಟೆಗ್ರಾವಿರ್ ಇರುವ ಮಾತ್ರೆ ಮರೆಯುತ್ತೇನೆ. ಮರುದಿನ ಎರಡು ನುಂಗಬಹುದೇ? ಹೊಟ್ಟೆ ಉರಿಗೆ ಆಂಟಾಸಿಡ್ ಕೂಡ ಕುಡಿಯುತ್ತೇನೆ.

ಉತ್ತರ: ಎರಡನ್ನು ಒಟ್ಟಿಗೆ ನುಂಗಬೇಡಿ. ನೆನಪಾದ ಕೂಡಲೇ ಒಂದನ್ನು ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಿ. ಆ ಹೊತ್ತಿಗೆ ನಾಲ್ಕು ಗಂಟೆಗಿಂತ ಕಡಿಮೆ ಉಳಿದಿದ್ದರೆ ಮಾತ್ರ ಮರೆತದ್ದನ್ನು ಬಿಟ್ಟುಬಿಡಿ. ಪಾಳಿ ಯಾವುದೇ ಇರಲಿ, ಪ್ರತಿದಿನವೂ ಎಚ್ಚರವಿರುವ ಒಂದು ಗಂಟೆಯನ್ನು ಆರಿಸಿ ಫೋನಿನಲ್ಲಿ ಅಲಾರಂ ಇಡಿ, ಎರಡು ದಿನದ ಮಾತ್ರೆಯನ್ನು ಕೆಲಸದ ಚೀಲದಲ್ಲೂ ಇಟ್ಟುಕೊಂಡಿರಿ. ತಿಂಗಳಿಗೆ ಒಂದೆರಡು ಮರೆವಿನಿಂದ ಚಿಕಿತ್ಸೆ ಕೆಟ್ಟುಹೋಗುವುದಿಲ್ಲ, ಸತತ ಹಲವು ದಿನ ತಪ್ಪುವುದೇ ಹೆಚ್ಚು ಅಪಾಯ. ನಿಮ್ಮ ವಿಷಯದಲ್ಲಿ ನನಗೆ ಮರೆವಿಗಿಂತ ಹೆಚ್ಚು ಚಿಂತೆ ಆಂಟಾಸಿಡ್‌ನದು: ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ, ಅಂದರೆ ಮಾತ್ರೆ ನುಂಗಿಯೂ ನುಂಗದಂತಾಗುತ್ತದೆ. ಡೊಲುಟೆಗ್ರಾವಿರ್ ಅನ್ನು ಆಂಟಾಸಿಡ್‌ಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಬಳಿಕ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳಿಗೂ ಇದೇ ಅಂತರ ಬೇಕು, ಆದರೆ ಅವನ್ನು ಊಟದ ಜೊತೆಯಲ್ಲಾದರೆ ಒಟ್ಟಿಗೇ ನುಂಗಬಹುದು.