ಸವತಿಯ ಕಠಾರಿ, ಚರಿತ್ರೆಯ ಬಾವಿ

ಮಾನ್ಯರೇ,

‘ಅಲೆಕ್ಸಾಂಡರನ ಎದುರಿಗೇ ರೊಕ್ಸಾನಾ ಸ್ಟಟೈರಾಳನ್ನು ಇರಿದಳು’ ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದನ್ನು ನೀವು ಸರಿಯಾಗಿಯೇ ಹಿಡಿದಿದ್ದೀರಿ. ಇಬ್ಬರೂ ಅಲೆಕ್ಸಾಂಡರನ ಹೆಂಡತಿಯರು, ನಿಜ; ಆದರೆ ಆ ಇರಿತ ಚರಿತ್ರೆಯಲ್ಲ, 1677ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರ ಕಂಡ, ನಥಾನಿಯಲ್ ಲೀ ಬರೆದ ‘ದಿ ರೈವಲ್ ಕ್ವೀನ್ಸ್’ ನಾಟಕದ ದೃಶ್ಯ. ಹಾಗೆಂದು ಒಂದು ಸಾಲು ಸೇರಿಸದ ತಪ್ಪು ನಮ್ಮದು. ಆದರೆ ‘ನಾಟಕದವರು ಇಲ್ಲದ ಕ್ರೌರ್ಯ ತುಂಬುತ್ತಾರೆ’ ಎಂಬ ನಿಮ್ಮ ಮುಂದಿನ ಮಾತನ್ನು ಒಪ್ಪಲಾರೆ.

ಅಲೆಕ್ಸಾಂಡರನ ಜೀವನಚರಿತ್ರೆ ಬರೆದ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವುದನ್ನು ನೋಡಿ. ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ದೊರೆ ಅಲೆಕ್ಸಾಂಡರ್ ತೀರಿಕೊಂಡಾಗ ರೊಕ್ಸಾನಾ ಬಸುರಿ. ಸುಳ್ಳು ಪತ್ರ ಕಳಿಸಿ ಸ್ಟಟೈರಾಳನ್ನು ಕರೆಸಿಕೊಂಡಳು. ಅವಳನ್ನೂ ಅವಳ ಸಹೋದರಿಯನ್ನೂ ಕೊಂದು, ಹೆಣಗಳನ್ನು ಬಾವಿಗೆ ಹಾಕಿಸಿ, ಬಾವಿಯನ್ನೇ ಮುಚ್ಚಿಸಿದಳು. ಸೇನಾನಿ ಪೆರ್ಡಿಕ್ಕಾಸ್ ಇದಕ್ಕೆ ಪಾಲುದಾರ. ಹೊಟ್ಟೆಕಿಚ್ಚೆಂದೇ ಪ್ಲುಟಾರ್ಕ್ ಹೇಳುತ್ತಾನೆ. ನನಗೆ ಕಾಣುವುದು ಲೆಕ್ಕಾಚಾರ. ಗಂಡ ಸತ್ತ ಮೇಲೆ ಸವತಿತನ ಎಲ್ಲಿಯದು? ಉಳಿಯುವುದು ದಾಯಾದಿ ಜಗಳ.

ಲೀ ಮಾಡಿದ್ದು ಇಷ್ಟೇ: ಕೊಲೆಯನ್ನು ದೊರೆ ಬದುಕಿರುವಾಗಲೇ ನಡೆಸಿದ. ಆಗ ಅದು ಮತ್ತೆ ಸವತಿಯರ ಕಥೆಯಾಯಿತು. ರೊಕ್ಸಾನಾಳ ಬಳಿಗೆ ಮರಳಿದ ಗಂಡನ ಮುಖ ನೋಡುವುದಿಲ್ಲವೆಂದು ಪಣ ತೊಟ್ಟು, ಕೊನೆಗೆ ಕರಗುವ ಸ್ಟಟೈರಾ, ಸಾಯುವಾಗ ತನ್ನನ್ನು ಇರಿದವಳನ್ನೇ ಉಳಿಸೆಂದು ಬೇಡುತ್ತಾಳೆ. ಬಾವಿಯ ಕಥೆಯಲ್ಲಿ ಇಂಥ ಒಂದು ಉಸಿರಿಗೂ ಜಾಗವಿಲ್ಲ. ದೊರೆಯ ಸಾವಿಗೆ ಐದು ವರ್ಷ ಮೊದಲು ಸಮರ್ಕಂದದಲ್ಲಿ ಅವನ ಕೈಯಿಂದಲೇ ನಡೆದ ಸೇನಾನಿ ಕ್ಲೈಟಸನ ಕೊಲೆಯನ್ನೂ ಲೀ ಬ್ಯಾಬಿಲೋನಿಗೆ ಎಳೆತಂದಿದ್ದಾನೆ. ಅದಕ್ಕೆ ನಿಮ್ಮ ಆಕ್ಷೇಪವಿಲ್ಲದಿರುವುದು ಕುತೂಹಲದ ಸಂಗತಿ!

ನಾಟಕದಲ್ಲಿ ದೋಷವಿಲ್ಲವೆಂದಲ್ಲ. ಅಲೆಕ್ಸಾಂಡರನ ಆರ್ಭಟ ಕೆಲವೆಡೆ ಕಿವಿ ಕಿವುಡಾಗಿಸುತ್ತದೆ. ಆದರೆ ಇಂಗ್ಲೆಂಡಿನ ವೃತ್ತಿರಂಗಭೂಮಿಗೆ ನಟಿಯರು ಬಂದು ಆಗಿನ್ನೂ ಎರಡು ದಶಕವೂ ಆಗಿರಲಿಲ್ಲ. ಇಬ್ಬರು ಹೆಂಗಸರು ಸರಿಸಮವಾಗಿ ಗುಡುಗುವ ಪಾತ್ರಗಳು ಸಿಕ್ಕರೆ ಯಾರು ಬಿಟ್ಟಾರು?

ಬಿಡಲೂ ಇಲ್ಲ. 1741ರಲ್ಲಿ ಅಚ್ಚಾದ ರಂಗಚರಿತ್ರೆಯೊಂದರಲ್ಲಿ ಒಂದು ಕಥೆಯಿದೆ. ರೊಕ್ಸಾನಾ ಆಗಿದ್ದ ಎಲಿಜಬೆತ್ ಬ್ಯಾರಿ ಬಯಸಿದ್ದ ಮುಸುಕನ್ನು ಸ್ಟಟೈರಾ ಪಾತ್ರದ ಎಲಿಜಬೆತ್ ಬೌಟೆಲ್, ರಂಗಸಾಮಗ್ರಿಯವನನ್ನು ಒಲಿಸಿಕೊಂಡು, ತಾನೇ ತೊಟ್ಟಳು. ಇರಿತದ ದೃಶ್ಯ ಬಂತು. “ಸಾಯಿ, ಮಾಟಗಾತಿ, ಸಾಯಿ” ಎಂದು ಬ್ಯಾರಿ ಎತ್ತಿದ ಮೊಂಡು ಕಠಾರಿ ಬೌಟೆಲಳ ಬಿಗಿ ಕುಪ್ಪಸವನ್ನು ಸೀಳಿ ಕಾಲು ಇಂಚಿನಷ್ಟು ಮೈಯೊಳಕ್ಕೆ ಇಳಿಯಿತಂತೆ.

– ಸಂ.