ಗೆಳತಿಯ ಗುಟ್ಟು, ಪಕ್ಷದ ಒತ್ತಡ

ಪ್ರಶ್ನೆ: ನಾನು ನಗರಸಭೆ ಸದಸ್ಯೆ. ಕಾಲೇಜು ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಈಗ ಎದುರು ಪಕ್ಷದ ಸದಸ್ಯೆ. ಸಭೆಯಲ್ಲಿ ಜಗಳ ಆಡುತ್ತೇವೆ, ಹೊರಗೆ ಸ್ನೇಹ ಹಾಗೇ ಇದೆ. ಎರಡು ವರ್ಷದ ಹಿಂದೆ ಅವಳು ಖಿನ್ನತೆಗೆ ಚಿಕಿತ್ಸೆ ಪಡೆದಳು. ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನೇ. ಅವಳಿಗೆ ಫೋನ್ ಬಂದಾಗಲೆಲ್ಲ ನಾನೇ ಎತ್ತಿ ‘ಮೇಡಂ ಊರಲ್ಲಿಲ್ಲ’ ಅನ್ನುತ್ತಿದ್ದೆ. ಈಗ ಚುನಾವಣೆ ಹತ್ತಿರ ಬಂದಿದೆ. ನಮ್ಮ ಮುಖಂಡರೊಬ್ಬರಿಗೆ ಹೇಗೋ ಸುಳಿವು ಸಿಕ್ಕಿದೆ. ‘ಆಗ ಏನಾಗಿತ್ತು ಅಂತ ನಿಮಗೆ ಗೊತ್ತಿರುತ್ತೆ, ಹೇಳಿ. ಇಲ್ಲಾಂದ್ರೆ ನಿಮ್ಮಿಬ್ಬರದ್ದು ಒಳ ಒಪ್ಪಂದ ಅಂತ ಕಾರ್ಯಕರ್ತರು ಮಾತಾಡ್ತಾರೆ, ಟಿಕೆಟ್ ಕಷ್ಟ ಆಗುತ್ತೆ’ ಅಂದರು. ಸ್ನೇಹ ಬಿಡಲಾ, ಪಕ್ಷ ಬಿಡಲಾ? ಅವಳಿಗೆ ಹೇಳಲಾ?

ಉತ್ತರ: ಎರಡನ್ನೂ ಬಿಡಬೇಕಾಗಿಲ್ಲ. ಆದರೆ ಮುಖಂಡರಿಗೆ ‘ಇಲ್ಲ’ ಅನ್ನಲೇಬೇಕು, ಅದೂ ಬೇಗ. ‘ನೋಡೋಣ ಸರ್’ ಅಂತ ಎಳೆದಷ್ಟೂ ಏನೋ ಇದೆ ಅನ್ನೋದು ಅವರಿಗೆ ಖಾತ್ರಿಯಾಗುತ್ತದೆ.

ನೀವು ಫೋನ್ ಎತ್ತಿ ‘ಊರಲ್ಲಿಲ್ಲ’ ಅಂದಾಗ ನಗರಸಭೆ ಸದಸ್ಯೆಯಾಗಿ ಅಲ್ಲಿ ಕೂತಿರಲಿಲ್ಲ, ಅಲ್ವಾ? ಅಲ್ಲಿ ತಿಳಿದದ್ದು ನಿಮ್ಮ ಪಕ್ಷಕ್ಕೆ ಸೇರಿದ್ದಲ್ಲ. ನಿಜ ಹೇಳಬೇಕೆಂದರೆ ನಿಮಗೂ ಸೇರಿದ್ದಲ್ಲ.

1988ರಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರಿಗೆ ಕಿಡ್ನಿ ತೊಂದರೆ ಇತ್ತು. ಪ್ರಧಾನಿ ರಾಜೀವ್ ಗಾಂಧಿ ಅವರಿಗೆ ಅದು ತಿಳಿಯಿತು. ಬೊಫೋರ್ಸ್ ವಿಷಯದಲ್ಲಿ ವಿರೋಧ ಪಕ್ಷಗಳು ಅವರ ಬೆನ್ನು ಬಿಡದಿದ್ದ ಕಾಲ ಅದು. ಆದರೂ ವಿಶ್ವಸಂಸ್ಥೆಗೆ ಹೋಗುವ ನಿಯೋಗದಲ್ಲಿ ವಾಜಪೇಯಿ ಅವರನ್ನು ಸೇರಿಸಿದರು, ನ್ಯೂಯಾರ್ಕ್‌ನಲ್ಲಿ ಚಿಕಿತ್ಸೆ ಪಡೆದು ಬನ್ನಿ ಅಂದರು. ಇದನ್ನು ವಾಜಪೇಯಿ ಅವರೇ ಹೊರಗೆ ಹೇಳಿದ್ದು, ಅದೂ 1991ರಲ್ಲಿ ರಾಜೀವ್ ತೀರಿಕೊಂಡ ಮೇಲೆ. ಇದರಿಂದ ಇಬ್ಬರ ರಾಜಕೀಯವೇನೂ ಮೆತ್ತಗಾಗಲಿಲ್ಲ.

ಉಲ್ಟಾ ನಡೆದದ್ದೂ ಇದೆ. ಅಮೆರಿಕದ ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಹಳೇ ಗೆಳೆಯರು. 1800ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎದುರಾಳಿಗಳಾದರು. ಆಡಮ್ಸ್ ಮೇಲೆ ಕೆಸರೆರಚುತ್ತಿದ್ದ ಜೇಮ್ಸ್ ಕ್ಯಾಲೆಂಡರ್ ಎಂಬ ಬರಹಗಾರನಿಗೆ ಜೆಫರ್ಸನ್ ಒಳಗೊಳಗೇ ದುಡ್ಡು ಕೊಟ್ಟಿದ್ದರು. ಚುನಾವಣೆಯನ್ನೂ ಗೆದ್ದರು. 1802ರಲ್ಲಿ ಅದೇ ಕ್ಯಾಲೆಂಡರ್ ತಿರುಗಿಬಿದ್ದು ಜೆಫರ್ಸನ್ ಅವರ ಮನೆಯೊಳಗಿನ ವಿಷಯವನ್ನೇ ಪತ್ರಿಕೆಗೆ ಹಾಕಿದ. ಸಾಕಿದ ಹಾವು ಸಾಕಿದ ಕೈಯನ್ನೇ ಕಚ್ಚಿತು ಎಂಬ ಅರ್ಥದಲ್ಲಿ ಆಡಮ್ಸ್ ಅವರ ಪತ್ನಿ ಅಬಿಗೈಲ್ 1804ರಲ್ಲಿ ಜೆಫರ್ಸನ್ ಅವರಿಗೆ ಬರೆದರು. ಗೆಳೆಯರಿಬ್ಬರು ಮತ್ತೆ ಪತ್ರ ಬರೆದುಕೊಳ್ಳಲು ಶುರು ಮಾಡಿದ್ದು 1812ರಲ್ಲಿ. ನಿಮ್ಮ ಮುಖಂಡರೂ ಅಷ್ಟೇ. ಇವತ್ತು ಗೆಳತಿಯ ಗುಟ್ಟು ಕೇಳಿದವರು ನಾಳೆ ನಿಮ್ಮದನ್ನು ಬಿಡುತ್ತಾರೆ ಅಂತ ನನಗಂತೂ ಅನ್ನಿಸುವುದಿಲ್ಲ.

ಆದರೆ ಕಾರ್ಯಕರ್ತರ ಅನುಮಾನವನ್ನು ಸುಮ್ನೆ ತಳ್ಳಿಹಾಕಬೇಡಿ. ಬೀದಿಯಲ್ಲಿ ಹೊಡೆದಾಡಿ ಕೇಸು ಹಾಕಿಸಿಕೊಳ್ಳುವವರು ಅವರು. ಮೇಲಿನವರು ಒಳಗೆ ಕೈ ಕುಲುಕಿ, ಬೇಕೆಂದೇ ಡಮ್ಮಿ ಅಭ್ಯರ್ಥಿ ಹಾಕಿದ್ದನ್ನೂ ಅವರು ನೋಡಿದ್ದಾರೆ. ಅವರ ಮಟ್ಟಿಗೆ ಸ್ನೇಹ ಅಂದರೆ ಅಡ್ಜಸ್ಟ್‌ಮೆಂಟ್. ಹಾಗಾಗಿ ಒಂದು ಪ್ರಶ್ನೆ ನೀವೇ ಕೇಳಿಕೊಳ್ಳಿ. ಅವಳ ವಾರ್ಡಿನ ಟೆಂಡರ್ ಚರ್ಚೆಗೆ ಬಂದಾಗ ಎಂದಾದರೂ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೀರಾ? ನಿಮ್ಮ ಪಕ್ಷದ ಒಳಗಿನ ಮಾತು ಅವಳ ಕಿವಿಗೆ ಹಾಕಿದ್ದೀರಾ? ಹಾಕಿದ್ದರೆ ಅನುಮಾನ ತಪ್ಪಲ್ಲ, ಅದನ್ನು ಇಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಸ್ನೇಹವನ್ನು ಮುಚ್ಚಿಡುವ ಅಗತ್ಯವೇ ಇಲ್ಲ. ಕದ್ದು ಭೇಟಿಯಾಗುವುದೇ ಜಾಸ್ತಿ ಅನುಮಾನ ಹುಟ್ಟಿಸುತ್ತದೆ.

ಮುಖಂಡರಿಗೆ ಹೇಗೆ ಹೇಳುವುದು? ‘ಅವಳ ಆರೋಗ್ಯದ ವಿಷಯ ನಾನು ಹೇಳಲ್ಲ’ ಅಂದರೆ ಅರ್ಧ ಹೇಳಿದ ಹಾಗೇ ಆಯಿತು. ‘ಯಾರ ಮನೆ ವಿಷಯವನ್ನೂ ನಾನು ಮಾತಾಡಲ್ಲ ಸರ್, ಅವರ ವಾರ್ಡಿನ ಕೆಲಸದ ಬಗ್ಗೆ ಎಷ್ಟು ಬೇಕಾದರೂ ಮಾತಾಡ್ತೀನಿ’ ಅನ್ನಿ. ಬರೀ ಬಾಯಿಮಾತು ಬೇಡ. ಸಭೆಯ ನಡಾವಳಿ ತೆಗೆದುಕೊಂಡು ಹೋಗಿ, ನೀವು ಅವಳನ್ನು ಎಲ್ಲೆಲ್ಲಿ ವಿರೋಧಿಸಿದ್ದೀರಿ ತೋರಿಸಿ. ಒತ್ತಾಯ ಮಾಡಿದರೆ ಚುನಾವಣೆಯ ಮಾದರಿ ನೀತಿ ಸಂಹಿತೆಯನ್ನು ನೆನಪಿಸಿ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಟೀಕಿಸಬಾರದು ಅಂತ ಅದರ ಶುರುವಿನಲ್ಲೇ ಇದೆ. ನೈತಿಕತೆಯ ಪಾಠಕ್ಕಿಂತ ‘ದೂರು ಹೋದರೆ ಪಕ್ಷಕ್ಕೇ ಮುಜುಗರ’ ಅನ್ನುವ ಮಾತು ಅವರಿಗೆ ಬೇಗ ನಾಟುತ್ತದೆ.

ಗೆಳತಿಗೆ ಹೇಳಿ. ಆದರೆ ಎಷ್ಟು ಬೇಕೋ ಅಷ್ಟೇ: ‘ಹಳೇ ವಿಷಯ ಕೆದಕುವವರು ಇದ್ದಾರೆ, ಹುಷಾರಾಗಿರು.’ ಯಾರು ಕೇಳಿದರು, ನಿಮ್ಮ ಪಕ್ಷದಲ್ಲಿ ಏನು ನಡೆಯುತ್ತಿದೆ ಅನ್ನೋದು ಬೇಡ. ಎದುರಿಗೆ ಕೂತು ಹೇಳಿ, ವಾಟ್ಸಾಪ್‌ನಲ್ಲಿ ಬೇಡವೇ ಬೇಡ. ಸ್ಕ್ರೀನ್‌ಶಾಟ್‌ಗೆ ಯಾವ ಪಕ್ಷವೂ ಇಲ್ಲ. ಚಿಕಿತ್ಸೆಯ ವಿಷಯವನ್ನು ತಾನೇ ಹೊರಗೆ ಹೇಳಿಕೊಳ್ಳಬೇಕೋ ಬೇಡವೋ ಅನ್ನೋದು ಅವಳ ತೀರ್ಮಾನ. ನೀವು ಸಲಹೆ ಕೊಡಲು ಹೋಗಬೇಡಿ. ಪ್ರಚಾರ ಮುಗಿಯುವವರೆಗೆ ಭೇಟಿ ಕಮ್ಮಿ ಮಾಡೋಣ ಅಂತ ಇಬ್ಬರೂ ಮಾತಾಡಿಕೊಂಡರೆ ತಪ್ಪೇನಿಲ್ಲ.

ಟಿಕೆಟ್ ಕೈತಪ್ಪಲೂಬಹುದು, ಸುಳ್ಳು ಧೈರ್ಯ ಹೇಳುವುದಿಲ್ಲ. ಹಾಗಾಗಿ ಪಟ್ಟಿ ಹೊರಬೀಳುವ ಮೊದಲೇ ನಿಮ್ಮ ಜಿಲ್ಲಾ ಅಧ್ಯಕ್ಷರನ್ನು ಒಮ್ಮೆ ಭೇಟಿಯಾಗಿ. ಎದುರಾಳಿಯ ಖಾಸಗಿ ವಿಷಯ ತಂದುಕೊಡಿ ಅಂತ ಒತ್ತಡ ಬಂತು, ಒಪ್ಪಲಿಲ್ಲ, ಅದಕ್ಕೇ ಟಿಕೆಟ್ ತಪ್ಪಿಸುವ ಮಾತು ಬಂದಿದೆ ಅಂತ ಹೇಳಿ. ‘ಯಾವ ವಿಷಯ?’ ಅಂತ ಅವರೂ ಕೇಳುತ್ತಾರೆ. ಅವರಿಗೂ ಹೇಳಬೇಡಿ.